ಧರ್ಮ ಬದಲಾದರೆ ಜಾತಿ ಹೋಗುತ್ತಾ? ನಾಗಪುರ, 1956



1956ರ ನವೆಂಬರ್ 1 ಅಂದ ಕೂಡಲೇ ನಮಗೆ ನೆನಪಾಗೋದು ಏಕೀಕರಣ. ಹರಿದು ಹಂಚಿಹೋಗಿದ್ದ ಕನ್ನಡದ ಸೀಮೆಗಳು ಒಂದಾದ ದಿನ. ಅದೇ ದಿನ ನಾಗಪುರದಲ್ಲಿ ಹಬ್ಬದ ವಾತಾವರಣ ಇರಲಿಲ್ಲ. ಅಲ್ಲಿಯವರೆಗೆ ಹಳೆಯ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಊರು ಆವತ್ತು ಆ ಪಟ್ಟ ಕಳೆದುಕೊಂಡು ಮುಂಬೈ ರಾಜ್ಯಕ್ಕೆ ಸೇರಿತು. ಸರ್ಕಾರ ಭೋಪಾಲಕ್ಕೆ ಹೋಯಿತು, ಹೈಕೋರ್ಟು ಜಬಲ್‌ಪುರಕ್ಕೆ ಹೋಯಿತು. ಮಿಹಾನ್‌ನಲ್ಲಿ ಕೆಲಸಕ್ಕೆ ಅಂತ ಹೋದ ನಮ್ಮ ಹುಡುಗರು ಸಿವಿಲ್ ಲೈನ್ಸ್ ಕಡೆ ಅಡ್ಡಾಡುವಾಗ "ಇಷ್ಟು ದೊಡ್ಡ ದೊಡ್ಡ ಸರ್ಕಾರಿ ಕಟ್ಟಡ ಇಲ್ಲಿ ಯಾಕಿವೆ?" ಅಂತ ಕೇಳ್ತಾರಲ್ಲ, ಉತ್ತರ ಅದೇ. ಅದೊಂದು ಮಾಜಿ ರಾಜಧಾನಿ.

ಆ ಪಟ್ಟ ಹೋಗುವುದಕ್ಕೆ ಮುಂಚಿನ ಕೆಲವೇ ತಿಂಗಳಲ್ಲಿ ಇದೇ ಊರಿನಲ್ಲಿ ಎರಡು ಸಂಗತಿ ನಡೆದವು. ಜುಲೈನಲ್ಲಿ ಕ್ರೈಸ್ತ ಮಿಷನರಿಗಳ ಚಟುವಟಿಕೆ ಕುರಿತ ಸರ್ಕಾರಿ ವಿಚಾರಣಾ ಸಮಿತಿಯ ವರದಿ ಹೊರಬಂತು. ಮತಾಂತರದ ವಿರುದ್ಧ ಇವತ್ತಿಗೂ ಎತ್ತಿ ತೋರಿಸುವ ವರದಿ ಅದು. ಅಕ್ಟೋಬರ್ 14ರಂದು ಡಾ. ಅಂಬೇಡ್ಕರ್ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ವರದಿ ಬರೆದ ಸಮಿತಿಯ ಅಧ್ಯಕ್ಷರು ನಾಗಪುರ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಭವಾನಿಶಂಕರ ನಿಯೋಗಿ. ಅಕ್ಟೋಬರಿನಲ್ಲಿ ಅಂಬೇಡ್ಕರ್ ಜೊತೆ ಬೌದ್ಧರಾದವರ ಪೈಕಿ ಪ್ರಮುಖರ ಹೆಸರು ಹೇಳುವಾಗ ಬರುವ ಒಂದು ಹೆಸರು, ಅದೇ ನಿಯೋಗಿ.

ಮತಾಂತರದ ಬಗ್ಗೆ ಅಷ್ಟು ಕಟುವಾದ ವರದಿಗೆ ಸಹಿ ಹಾಕಿದವರು ಮೂರು ತಿಂಗಳೊಳಗೆ ತಾವೇ ಧರ್ಮ ಬದಲಿಸಿದರು. ಇದನ್ನು ಬೂಟಾಟಿಕೆ ಅಂತ ತಳ್ಳಿಹಾಕೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಆ ಕಾಲದ ತಲೆಯಲ್ಲಿ ಮತಾಂತರ ಅನ್ನೋ ಒಂದೇ ಪದದ ಕೆಳಗೆ ಎರಡು ಬೇರೆ ಪ್ರಶ್ನೆಗಳಿದ್ದವು. ವಿದೇಶಿ ಹಣ ಮತ್ತು ಪ್ರಭಾವದ ಪ್ರಶ್ನೆ ಒಂದು. ಊರ ಹೊರಗೆ ಇಟ್ಟವನಿಗೆ ನ್ಯಾಯ ಎಲ್ಲಿ ಸಿಗುತ್ತೆ ಅನ್ನೋದು ಇನ್ನೊಂದು. ಕ್ರೈಸ್ತರ ವಿಷಯ ಬಂದಾಗ ಎರಡನ್ನೂ ಒಂದೇ ಫೈಲಿಗೆ ಹಾಕಿ ಕಟ್ಟಿದರು. ಆ ಗಂಟು ಇನ್ನೂ ಬಿಚ್ಚಿಲ್ಲ. ಇವತ್ತಿನ ಮಾತು ಆ ಗಂಟಿನ ಬಗ್ಗೆ.

ಮೊದಲು ಊರಿನ ಕ್ರೈಸ್ತ ಚರಿತ್ರೆ ಸ್ವಲ್ಪ. 1845ರಲ್ಲಿ ಸ್ಟೀಫನ್ ಹಿಸ್ಲಾಪ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ ನಾಗಪುರಕ್ಕೆ ಬಂದರು. ಆಗಿನ್ನೂ ಅಲ್ಲಿ ಭೋಂಸ್ಲೆ ರಾಜರ ಆಳ್ವಿಕೆ. ಹಿಸ್ಲಾಪ್ ಶಾಲೆ ತೆರೆದರು, ಗೊಂಡರ ಭಾಷೆ ಮತ್ತು ಹಾಡುಗಳನ್ನು ಬರೆದಿಟ್ಟರು. ಭೂವಿಜ್ಞಾನದ ಹುಚ್ಚು ಬೇರೆ. ಹಿಸ್ಲಾಪೈಟ್ ಅಂತ ಒಂದು ಖನಿಜಕ್ಕೆ ಅವರ ಹೆಸರೇ ಇದೆ. 1863ರಲ್ಲಿ ಟಾಕಳಘಾಟ್ ಹತ್ತಿರ ಹಳೇ ಕಾಲದ ಕಲ್ಲಿನ ವೃತ್ತಗಳನ್ನು ನೋಡಿ ವಾಪಸು ಬರುವಾಗ ತುಂಬಿದ ಹೊಳೆ ದಾಟಲು ಹೋಗಿ ಮುಳುಗಿ ತೀರಿಕೊಂಡರು. 1883ರಲ್ಲಿ ಶುರುವಾದ ಹಿಸ್ಲಾಪ್ ಕಾಲೇಜಿಗೆ ಅವರ ಹೆಸರಿಟ್ಟರು. ಕಾಲೇಜು ಈಗಲೂ ಇದೆ. ನಮ್ಮಲ್ಲಿ ಕಿಟೆಲ್ ಅಂದ್ರೆ ನಿಘಂಟು ನೆನಪಾಗುವ ಹಾಗೆ ಅಲ್ಲಿ ಹಿಸ್ಲಾಪ್ ಅಂದ್ರೆ ಕಾಲೇಜು.

ಶಾಲೆ, ಕಾಲೇಜು, ಆಸ್ಪತ್ರೆ ಎಲ್ಲ ಸರಿ. ಆದರೆ ಜಾತಿಯ ಎದುರು ಮಿಷನ್ ಎಷ್ಟು ದೂರ ನಿಲ್ಲಬಲ್ಲದು? ಇದಕ್ಕೆ ಜಾಯಿಬಾಯಿ ಚೌಧರಿ ಅವರ ಕಥೆಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಅವರು ನಾಗಪುರ ಹತ್ತಿರದ ಉಮರೇಡಿನ ಮಹಾರ್ ಕುಟುಂಬದ ಹೆಣ್ಣುಮಗಳು. ಬರಗಾಲದಲ್ಲಿ ಕುಟುಂಬ ನಾಗಪುರಕ್ಕೆ ಬಂತು. ಜಾಯಿಬಾಯಿ ನಾಗಪುರ ಮತ್ತು ಕಾಮಠಿ ನಡುವೆ ಕೂಲಿಯಾಗಿ ಸಾಮಾನು ಹೊರುತ್ತಿದ್ದರು. ಗ್ರೆಗರಿ ಅನ್ನೋ ಮಿಷನರಿ ಹೆಂಗಸು ಈಕೆಯನ್ನು ನೋಡಿ, ಅಕ್ಷರ ಕಲಿಸಿ, ಮಿಷನ್ ಶಾಲೆಯಲ್ಲಿ ಟೀಚರ್ ಕೆಲಸ ಕೊಡಿಸಿದರು. ಇಲ್ಲಿಗೆ ಇದು ಮಿಷನ್ ಪತ್ರಿಕೆಗಳಲ್ಲಿ ಬರುವ ಥರದ ಕಥೆ. ಮುಂದಿನದು ಹಾಗಲ್ಲ. ಪಾಠ ಮಾಡೋ ಟೀಚರ್ ಅಸ್ಪೃಶ್ಯರು ಅಂತ ಗೊತ್ತಾದ ಕೂಡಲೇ ಮೇಲ್ಜಾತಿಯವರು ಶಾಲೆಗೆ ಮಕ್ಕಳನ್ನು ಕಳಿಸೋದು ನಿಲ್ಲಿಸಿದರು. ಜಾಯಿಬಾಯಿ ಕೆಲಸ ಹೋಯಿತು. 1922ರಲ್ಲಿ ಅವರು ನಾಗಪುರದಲ್ಲೇ ಸಂತ ಚೋಖಾಮೇಳ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮುಂದೆ ಅಂಬೇಡ್ಕರ್ ಚಳವಳಿಯಲ್ಲಿ ದೊಡ್ಡ ಹೆಸರಾದರು.

ಒಬ್ಬ ಮಿಷನರಿಯ ಕರುಣೆ ಅವರಿಗೆ ಅಕ್ಷರ ಕೊಟ್ಟಿತು. ಸುತ್ತಲಿನ ಸಮಾಜ ಕುರ್ಚಿ ಕಸಿದುಕೊಂಡಿತು, ಶಾಲೆ ಅದನ್ನು ತಡೆಯಲಿಲ್ಲ. ಅಂಬೇಡ್ಕರ್ ಕ್ರೈಸ್ತ ಧರ್ಮದ ಬಗ್ಗೆ ಬರೆದ, ಅವರ ಸಾವಿನ ನಂತರ ಅಚ್ಚಾದ ಪ್ರಬಂಧಗಳಲ್ಲಿ ಎತ್ತುವ ದೂರು ಹೆಚ್ಚುಕಡಿಮೆ ಇದೇ. ಮಿಷನ್ನುಗಳು ಶಿಕ್ಷಣಕ್ಕೆ, ವೈದ್ಯಕ್ಕೆ ಮಾಡಿದ್ದನ್ನು ಅವರು ಒಪ್ಪುತ್ತಾರೆ. ಆದರೆ ಅಸ್ಪೃಶ್ಯ ಕ್ರೈಸ್ತನಾದ ಮೇಲೆ ಅವನ ಮೇಲಿನ ಸಾಮಾಜಿಕ ಅನ್ಯಾಯದ ವಿರುದ್ಧ ಕ್ರೈಸ್ತ ಸಮುದಾಯ ಒಟ್ಟಾಗಿ ನಿಂತು ಹೋರಾಡಲಿಲ್ಲ, ಚರ್ಚಿನೊಳಗೇ ಜಾತಿ ಉಳಿಯಿತು ಅಂತ ಖಾರವಾಗಿಯೇ ಹೇಳುತ್ತಾರೆ. 1935ರಲ್ಲಿ ಯೇವಲಾದಲ್ಲಿ "ಹಿಂದೂವಾಗಿ ಸಾಯುವುದಿಲ್ಲ" ಎಂಬ ಅರ್ಥದ ಘೋಷಣೆ ಮಾಡಿದ ಮೇಲೆ ಇಪ್ಪತ್ತೊಂದು ವರ್ಷ ಅವರು ಬೇರೆ ಬೇರೆ ದಾರಿ ನೋಡಿದರು. ಕ್ರೈಸ್ತ ನಾಯಕರೂ ಅವರ ಬಾಗಿಲು ತಟ್ಟಿದರು. ಅವರು ಆ ಕಡೆ ಹೋಗಲಿಲ್ಲ.

ಈಗ ಕಾನೂನಿನ ಕಡೆ ಬರೋಣ. ಸ್ವಲ್ಪ ಒಣ ವಿಷಯ, ಆದರೆ ಇಡೀ ಕಥೆಯ ಕೀಲಿ ಇಲ್ಲಿದೆ.

1932ರ ಕೋಮುವಾರು ತೀರ್ಪು, ಆಮೇಲೆ 1935ರ ಭಾರತ ಸರ್ಕಾರ ಕಾಯ್ದೆ, ಇವೆರಡರಲ್ಲಿ "ಭಾರತೀಯ ಕ್ರೈಸ್ತರು" ಅನ್ನೋ ಗುಂಪಿಗೆ ಬೇರೆಯೇ ಶಾಸನಸಭಾ ಸೀಟುಗಳಿದ್ದವು. ಹಾಗಾಗಿ 1936ರಲ್ಲಿ ಬ್ರಿಟಿಷರು ಪರಿಶಿಷ್ಟ ಜಾತಿಗಳ ಪಟ್ಟಿ ಮಾಡಿದಾಗ ಭಾರತೀಯ ಕ್ರೈಸ್ತರನ್ನು ಅದರಿಂದ ಹೊರಗಿಟ್ಟರು. ಒಬ್ಬರಿಗೆ ಎರಡು ಕಡೆ ಪಾಲು ಬೇಡ ಅನ್ನೋ ಲೆಕ್ಕ. ಒಪ್ಪಬಹುದಾದ ಲೆಕ್ಕವೇ.

ಸ್ವಾತಂತ್ರ್ಯ ಬಂತು. ಸಂವಿಧಾನ ರಚನಾ ಸಭೆಯಲ್ಲಿ ಅಲ್ಪಸಂಖ್ಯಾತರ ಸೀಟುಗಳ ಚರ್ಚೆ ನಡೆಯಿತು. ಸಭೆಯ ಉಪಾಧ್ಯಕ್ಷರು ಬಂಗಾಳದ ಕ್ರೈಸ್ತ ಎಚ್. ಸಿ. ಮುಖರ್ಜಿ. ಮಂಗಳೂರಿನಲ್ಲಿ ಹುಟ್ಟಿದ ಜೆಸ್ಯೂಟ್ ಪಾದ್ರಿ ಜೆರೋಮ್ ಡಿಸೋಜಾ ಮದ್ರಾಸಿನಿಂದ ಸದಸ್ಯರಾಗಿದ್ದರು. ನಮ್ಮೂರಿನ ಹೆಸರು ಅಂತ ಹೇಳ್ತಿದ್ದೀನಿ ಅಷ್ಟೆ. 1949ರ ಮೇ ತಿಂಗಳಲ್ಲಿ ಧರ್ಮದ ಆಧಾರದ ಸೀಟುಗಳನ್ನು ಕೈಬಿಡುವ ತೀರ್ಮಾನ ಆಯಿತು, ಮುಖರ್ಜಿಯವರಂಥ ನಾಯಕರು ಅದಕ್ಕೆ ಮನಃಪೂರ್ವಕ ಒಪ್ಪಿದರು. ನಾವು ಈ ದೇಶದ ಪ್ರಜೆಗಳು, ನಮಗೆ ಬೇರೆ ಬೇಲಿ ಬೇಡ ಅನ್ನೋ ನಿಲುವು. ದೇಶ ಆಗಷ್ಟೇ ಎರಡು ಹೋಳಾಗಿತ್ತು, ಆ ನಿಲುವಿನ ದೊಡ್ಡತನವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅದಕ್ಕೆ ಬದಲಾಗಿ 25ನೇ ವಿಧಿಯಲ್ಲಿ ಧರ್ಮವನ್ನು ಪಾಲಿಸುವ ಹಕ್ಕಿನ ಜೊತೆ "ಪ್ರಸಾರ" ಮಾಡುವ ಹಕ್ಕೂ ಉಳಿಯಿತು. ಅದು ಕ್ರೈಸ್ತರಿಗೆ ಮುಖ್ಯವಾಗಿತ್ತು.

ಆದರೆ ಒಂದು ಗಮನಿಸಿ. ಆ ಮೇಜಿನ ಸುತ್ತ ಕೂತಿದ್ದವರು ಓದಿದ ಪಟ್ಟಣದ ಕ್ರೈಸ್ತರು. ಹಳ್ಳಿಯಲ್ಲಿ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ, ಹೆಸರಿಗೆ ಪೌಲನೋ ಪೇತ್ರನೋ ಆಗಿದ್ದು ಕೇರಿಯಲ್ಲೇ ಬದುಕುತ್ತಿದ್ದ ಕ್ರೈಸ್ತ ಅಲ್ಲಿರಲಿಲ್ಲ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆದೇಶ ಬಂತು. ಅದರ 3ನೇ ಪ್ಯಾರಾ ಹೇಳಿದ್ದು ಇಷ್ಟು: ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಯವರಲ್ಲ. ಆಗ ಪಂಜಾಬಿನ ಕೆಲವು ಸಿಖ್ ಜಾತಿಗಳಿಗೆ ಮಾತ್ರ ವಿನಾಯಿತಿ ಇತ್ತು. ಅಂದ್ರೆ 1936ರ ಕೊಡು-ಕೊಳ್ಳುವ ಲೆಕ್ಕದಲ್ಲಿ ಕ್ರೈಸ್ತರು ತಮ್ಮ ಸೀಟು ವಾಪಸು ಕೊಟ್ಟರು, ಆ ಸೀಟಿನ ಕಾರಣಕ್ಕೆ ಹಾಕಿದ್ದ ಬಾಗಿಲು ಮಾತ್ರ ಮುಚ್ಚಿಯೇ ಉಳಿಯಿತು. ಲೆಕ್ಕದ ಒಂದು ಕಡೆ ಅಳಿಸಿ ಇನ್ನೊಂದು ಕಡೆ ಹಾಗೇ ಬಿಟ್ಟರೆ ಅದನ್ನು ಬ್ಯಾಲೆನ್ಸ್ ಶೀಟ್ ಅಂತ ಕರೆಯೋದು ಹೇಗೆ?

ಈ ಬಾಗಿಲಿಗೆ ಕೊಟ್ಟ ಕಾರಣ ಏನು ಗೊತ್ತಾ? ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲ, ಹಾಗಾಗಿ ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನಾಗಿರಲಾರ. ಇದು ಸರ್ಕಾರ ಹುಟ್ಟಿಸಿದ ಮಾತಲ್ಲ. ನೂರು ವರ್ಷದಿಂದ ಪಾದ್ರಿಗಳೇ ಹೆಮ್ಮೆಯಿಂದ ಹೇಳುತ್ತಿದ್ದ ಮಾತು. ದೀಕ್ಷಾಸ್ನಾನ ಆದ ಮೇಲೆ ಬ್ರಾಹ್ಮಣ ಇಲ್ಲ, ಹೊಲೆಯ ಇಲ್ಲ ಅಂತ ಸಾರಿದ್ದನ್ನೇ ಸರ್ಕಾರ ಎತ್ತಿಕೊಂಡು "ನೀವೇ ಹೇಳಿದಿರಲ್ಲ" ಅಂದಿತು.

ನಿಯೋಗಿ ಸಮಿತಿ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ, 1954ರ ಏಪ್ರಿಲ್‌ನಲ್ಲಿ. ಆಗ ಮುಖ್ಯಮಂತ್ರಿ ರವಿಶಂಕರ ಶುಕ್ಲ. ಸರ್ಕಾರದ ತಲೆಬಿಸಿ ಇದ್ದದ್ದು ನಾಗಪುರದ ಮಹಾರರ ಬಗ್ಗೆ ಅಲ್ಲ, ಇಂದಿನ ಛತ್ತೀಸ್‌ಗಢದ ಸರಗುಜಾ, ರಾಯಗಢದ ಕಡೆಯ ಆದಿವಾಸಿಗಳ ಬಗ್ಗೆ. ರಾಜರ ಕಾಲದಲ್ಲಿ ಆ ಸಂಸ್ಥಾನಗಳು ಮತಾಂತರದ ವಿರುದ್ಧ ತಮ್ಮದೇ ಕಾನೂನು ಮಾಡಿಕೊಂಡಿದ್ದವು. ರಾಯಗಢದ್ದು 1936ರದು, ಸರಗುಜಾದ್ದು 1945ರದು. ಸಂಸ್ಥಾನಗಳು ವಿಲೀನವಾದ ಮೇಲೆ ಮಿಷನ್ನುಗಳಿಗೆ ದಾರಿ ತೆರೆಯಿತು. ಪಕ್ಕದಲ್ಲೇ ಜಾರ್ಖಂಡ್ ಬೇಡಿಕೆ ಎದ್ದಿತ್ತು. ಸರ್ಕಾರಕ್ಕೆ ಭಯ.

ಸಮಿತಿ ಹದಿನಾಲ್ಕು ಜಿಲ್ಲೆ ಸುತ್ತಿತು, ಸಾವಿರಾರು ಜನರನ್ನು ಮಾತಾಡಿಸಿತು, ಉದ್ದದ ಪ್ರಶ್ನಾವಳಿ ಹಂಚಿತು. ಸದಸ್ಯರಲ್ಲಿ ಒಬ್ಬರೇ ಕ್ರೈಸ್ತರು, ವರ್ಧಾದಲ್ಲಿ ಪಾಠ ಹೇಳುತ್ತಿದ್ದ ಗಾಂಧಿವಾದಿ ಎಸ್. ಕೆ. ಜಾರ್ಜ್. ಅವರು ತಮ್ಮ ಪ್ರತಿನಿಧಿ ಅಂತ ಚರ್ಚುಗಳು ಒಪ್ಪಲಿಲ್ಲ. ವರದಿಯ ಶಿಫಾರಸುಗಳು ಕಠಿಣವಾಗಿದ್ದವು. ಮತಾಂತರವೇ ಮುಖ್ಯ ಉದ್ದೇಶವಾಗಿರುವ ವಿದೇಶಿ ಮಿಷನರಿಗಳು ದೇಶ ಬಿಡಬೇಕು, ಆಸ್ಪತ್ರೆಯಂಥ ಸೇವೆಯನ್ನು ಮತಾಂತರಕ್ಕೆ ಬಳಸೋದನ್ನು ಕಾನೂನು ತಡೆಯಬೇಕು, ಭಾರತದ ಚರ್ಚು ವಿದೇಶಿ ಹಣದ ಹಂಗಿಲ್ಲದೆ ತನ್ನ ಕಾಲ ಮೇಲೆ ನಿಲ್ಲಬೇಕು.

ಕೊನೆಯ ಮಾತನ್ನು ಆ ಕಾಲದ ಬಹಳಷ್ಟು ಭಾರತೀಯ ಕ್ರೈಸ್ತ ಚಿಂತಕರೂ ಹೇಳುತ್ತಿದ್ದರು. ವರದಿಯಲ್ಲಿ ದಾಖಲಾದ ಕೆಲವು ದೂರುಗಳಲ್ಲಿ ಹುರುಳಿದೆ. ಸಾಲ ಕೊಟ್ಟು, ಶಾಲೆಯ ಸೀಟು ಕೊಟ್ಟು ಹೆಸರು ಬರೆಸಿಕೊಂಡದ್ದು ನಡೆದಿಲ್ಲ ಅಂತ ಯಾರೂ ಎದೆ ತಟ್ಟಿ ಹೇಳಲಾರರು. ನನ್ನ ತಕರಾರು ಬೇರೆ. ಬಡವ ಧರ್ಮ ಬದಲಿಸಿದ ಅಂದ ಕೂಡಲೇ ಯಾರು ಆಸೆ ತೋರಿಸಿದರು ಅಂತ ವರದಿ ಹುಡುಕುತ್ತದೆ. ಅವನು ಯಾವುದರಿಂದ ಓಡಿಹೋಗುತ್ತಿದ್ದ ಅನ್ನೋದಕ್ಕೆ ಅಷ್ಟೇ ಶ್ರದ್ಧೆ ತೋರಿಸುವುದಿಲ್ಲ. ನಿವೃತ್ತ ನ್ಯಾಯಮೂರ್ತಿ ಬುದ್ಧನ ಕಡೆ ಹೊರಟರೆ ಅದು ಆತ್ಮಸಾಕ್ಷಿ. ಕೂಲಿಯವನು ಯೇಸುವಿನ ಕಡೆ ಹೊರಟರೆ ಅದು ಆಮಿಷ. ಈ ತಕ್ಕಡಿ ಆಮೇಲೆ ಕಾನೂನಾಯಿತು. ಹೊಸ ಮಧ್ಯಪ್ರದೇಶ 1968ರಲ್ಲಿ ಧರ್ಮ ಸ್ವಾತಂತ್ರ್ಯ ಕಾಯ್ದೆ ತಂದಿತು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪ್ರಸಾರದ ಹಕ್ಕು ಅಂದ್ರೆ ಮತಾಂತರ ಮಾಡುವ ಹಕ್ಕಲ್ಲ ಅಂತ ಹೇಳಿತು. ನಮ್ಮಲ್ಲಿ 2022ರಲ್ಲಿ ಬಂದ ಕಾಯ್ದೆಯ ವಂಶವೃಕ್ಷ ಹುಡುಕಿದರೂ ನಾಗಪುರದ ಈ ವರದಿ ಸಿಗುತ್ತೆ.

ಒಂದು ವಿಚಿತ್ರ ಹೇಳಲೇಬೇಕು. ಯಾವ ಆದಿವಾಸಿಗಳ ಮತಾಂತರಕ್ಕೆ ಹೆದರಿ ಸಮಿತಿ ಮಾಡಿದರೋ, ಆ ಆದಿವಾಸಿಗೆ ಕ್ರೈಸ್ತನಾದರೂ ಪರಿಶಿಷ್ಟ ಪಂಗಡದ ಸ್ಥಾನ ಹೋಗುವುದಿಲ್ಲ. ಪಂಗಡಗಳ ಆದೇಶದಲ್ಲಿ ಧರ್ಮದ ಷರತ್ತೇ ಇಲ್ಲ. ಅದನ್ನೂ ತರಬೇಕು ಅನ್ನೋ ಕೂಗು ಈಗ ಎದ್ದಿದೆ, ಅದು ಬೇರೆ ಕಥೆ. ಕ್ರೈಸ್ತನಾದ ಒರಾಂವ್ ತನ್ನ ಹಕ್ಕು ಉಳಿಸಿಕೊಂಡ. ಕ್ರೈಸ್ತನಾದ ಮಹಾರ್ ಕಳೆದುಕೊಂಡ.

ಇನ್ನು ನಾಗಪುರದ ಪಕ್ಕದ ಭಂಡಾರಾ. 1951-52ರ ಮೊದಲ ಮಹಾಚುನಾವಣೆಯಲ್ಲಿ ಗಂಗಾರಾಮ್ ಠವರೆ ಅನ್ನೋ ಮಹಾರ್ ನಾಯಕರ ನಾಮಪತ್ರ ತಿರಸ್ಕಾರ ಆಯಿತು. ಕಾರಣ, ಅವರು ಮಹಾನುಭಾವ ಪಂಥ ಸೇರಿದ್ದಾರೆ, ಆ ಪಂಥ ಜಾತಿಯನ್ನು ಒಪ್ಪುವುದಿಲ್ಲ, ಹಾಗಾಗಿ ಇವರು ಮಹಾರ್ ಅಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1954ರಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ವಿವಿಯನ್ ಬೋಸ್. ಇವರೂ ಹಿಂದೆ ನಾಗಪುರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅವರ ಹೆಂಡತಿ ಐರೀನ್, 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕ್ರೈಸ್ತ ನಾಯಕ ಜಾನ್ ಮಾಟ್ ಅವರ ಮಗಳು. ಜಗತ್ತು ಎಷ್ಟು ಚಿಕ್ಕದು ನೋಡಿ: ಭಾರತದ ಪ್ರಾಟೆಸ್ಟಂಟ್ ಚರ್ಚುಗಳ ರಾಷ್ಟ್ರೀಯ ಪರಿಷತ್ತು ಹುಟ್ಟಿದ್ದು ಇದೇ ಮಾಟ್ ಅವರ ಓಡಾಟದಿಂದ, ಆ ಪರಿಷತ್ತಿನ ಮುಖ್ಯ ಕಚೇರಿ ಇರೋದೂ ನಾಗಪುರದಲ್ಲೇ.

ಬೋಸ್ ಅವರ ತೀರ್ಪು ಜಾತಿಯ ಬಗ್ಗೆ ನಮ್ಮ ಕೋರ್ಟುಗಳು ಬರೆದ ಅತ್ಯಂತ ತಿಳಿವಿನ ಪುಟಗಳಲ್ಲಿ ಒಂದು ಅಂತ ನನ್ನ ಲೆಕ್ಕ. ಸಿದ್ಧಾಂತ ಏನು ಹೇಳುತ್ತೆ ಅಂತ ಅವರು ನಿಲ್ಲಿಸಲಿಲ್ಲ. ಹಳೆಯ ಜಾತಿಯವರು ಅವನನ್ನು ಹೊರಹಾಕಿದ್ದಾರಾ, ಅವನಿಗೇ ಬಿಡುವ ಮನಸ್ಸಿದೆಯಾ, ಹೊಸ ಪಂಥದ ಕಟ್ಟಳೆ ಏನು ಅಂತ ನೋಡಿದರು. ಠವರೆ ಮಹಾರರ ನಡುವೆಯೇ ಬದುಕುತ್ತಿದ್ದರು, ಅವರ ನಾಯಕರಾಗಿಯೇ ಇದ್ದರು. ಹಾಗಾಗಿ ಅವರು ಮಹಾರರೇ, ನಾಮಪತ್ರ ತಿರಸ್ಕರಿಸಿದ್ದು ತಪ್ಪು ಅಂತ ತೀರ್ಪಾಯಿತು. ಅಂದ್ರೆ ನಂಬಿಕೆ ಏನೇ ಇರಲಿ, ಬದುಕಿನಲ್ಲಿ ಜಾತಿ ಉಳಿದಿದೆಯಾ ಅನ್ನೋದೇ ಪರೀಕ್ಷೆ. ಅದೇ ವರ್ಷ ಭಂಡಾರಾದಲ್ಲಿ ಉಪಚುನಾವಣೆ ನಡೆದಾಗ ಸ್ವತಃ ಅಂಬೇಡ್ಕರ್ ನಿಂತು ಸೋತರು.

ಈ ಪರೀಕ್ಷೆಯನ್ನೇ ಎಲ್ಲರಿಗೂ ಹಾಕಿದ್ದರೆ ಇವತ್ತಿನ ಈ ಮಾತೇ ಬೇಕಿರಲಿಲ್ಲ. ಆದರೆ ಮಹಾನುಭಾವ ಪಂಥ ಹಿಂದೂ ಚೌಕಟ್ಟಿನೊಳಗಿನದು. ಚೌಕಟ್ಟು ದಾಟಿದವರ ಮೇಲೆ 3ನೇ ಪ್ಯಾರಾ ಬಿತ್ತು. ಮೊದಲು ಪೆಟ್ಟು ತಿಂದವರಲ್ಲಿ ದೀಕ್ಷಾಭೂಮಿಯ ಬೌದ್ಧರೇ ಇದ್ದರು. 1962ರಲ್ಲಿ ನಾಗಪುರದ ಮೀಸಲು ಕ್ಷೇತ್ರವೊಂದರಿಂದ ಡಾ. ಡಿ. ಪಿ. ಮೇಶ್ರಾಮ್ ಗೆದ್ದರು. ಅವರು ಬೌದ್ಧರಾಗಿದ್ದಾರೆ ಅಂತ ಕೇಸಾಯಿತು. ಧರ್ಮವನ್ನು ಬಹಿರಂಗವಾಗಿ ಸಾರಿದ್ದಾರೆ, ಹಾಗಾಗಿ ಅವರು ಹಿಂದೂ ಅಲ್ಲ, ಪರಿಶಿಷ್ಟ ಜಾತಿಯವರೂ ಅಲ್ಲ ಅಂತ ಸುಪ್ರೀಂ ಕೋರ್ಟು ಹೇಳಿ ಆಯ್ಕೆಯನ್ನು ರದ್ದು ಮಾಡಿತು. ಅಕ್ಟೋಬರ್ 14ರಂದು ಕೈಯೆತ್ತಿ ಪ್ರತಿಜ್ಞೆ ಮಾಡಿದವರಿಗೆ ದೇಶದ ಕಾನೂನು ಕೊಟ್ಟ ಬಿಲ್ ಇದು.

ಬೌದ್ಧರು ಸುಮ್ಮನಿರಲಿಲ್ಲ. ಸಂಖ್ಯೆ ಇತ್ತು, ಸಂಘಟನೆ ಇತ್ತು. ಮಹಾರಾಷ್ಟ್ರ ಸರ್ಕಾರ ಮೊದಲು ರಾಜ್ಯಮಟ್ಟದ ಸವಲತ್ತು ಕೊಟ್ಟಿತು. 1990ರಲ್ಲಿ ವಿ. ಪಿ. ಸಿಂಗ್ ಸರ್ಕಾರ 3ನೇ ಪ್ಯಾರಾ ತಿದ್ದಿ ಬೌದ್ಧರನ್ನು ಸೇರಿಸಿತು. ಸಿಖ್ಖರು 1956ರಲ್ಲೇ ಪೂರ್ತಿ ಒಳಗೆ ಬಂದಿದ್ದರು. ಬೌದ್ಧ ಧರ್ಮದಲ್ಲೂ ಜಾತಿ ಇಲ್ಲ, ಸಿಖ್ ಧರ್ಮದಲ್ಲೂ ಇಲ್ಲ. ಆದರೂ ಅವರಿಗೆ ಬಾಗಿಲು ತೆರೆಯಿತು, ತೆರೆಯಬೇಕಾದದ್ದೇ. ಹಾಗಾದರೆ "ನಿಮ್ಮ ಧರ್ಮದಲ್ಲಿ ಜಾತಿ ಇಲ್ಲ" ಅನ್ನೋ ಕಾರಣ ಕ್ರೈಸ್ತರಿಗೂ ಮುಸ್ಲಿಮರಿಗೂ ಮಾತ್ರ ಯಾಕೆ ಉಳಿಯಿತು? ಉತ್ತರ ಧರ್ಮಶಾಸ್ತ್ರದಲ್ಲಿಲ್ಲ. ಅದು ನಿಯೋಗಿ ವರದಿಯ ನೆರಳಲ್ಲಿದೆ: ಇದು ಪರದೇಶದ ಧರ್ಮ, ಬಾಗಿಲು ತೆರೆದರೆ ಮತಾಂತರ ಹೆಚ್ಚುತ್ತೆ. ಭಯ ನಿಜವೋ ಸುಳ್ಳೋ ವಾದ ಮಾಡಬಹುದು. ಆದರೆ ಅದಕ್ಕೂ ಹಳ್ಳಿಯ ಬಾವಿಗೂ ಸಂಬಂಧ ಇಲ್ಲ.

ಕರ್ನಾಟಕದ ಪಾತ್ರ ಈಗ ಬರುತ್ತೆ. ಕೆಜಿಎಫ್ ಅಂದ್ರೆ ಈಗ ಸಿನಿಮಾ, ನಾನು ಹೇಳ್ತಿರೋದು ಚಿನ್ನದ ಗಣಿಯ ಊರು. 1967ರಲ್ಲಿ ಅಲ್ಲಿನ ಮೀಸಲು ಕ್ಷೇತ್ರದಿಂದ ಆದಿ ದ್ರಾವಿಡ ಜಾತಿಯ ಎಸ್. ರಾಜಗೋಪಾಲ್ ಮೈಸೂರು ವಿಧಾನಸಭೆಗೆ ಗೆದ್ದರು. ಸೋತ ಸಿ. ಎಂ. ಆರ್ಮುಗಂ ಕೇಸು ಹಾಕಿದರು: ಇವರು ಕ್ರೈಸ್ತರಾಗಿದ್ದವರು. ಸುಪ್ರೀಂ ಕೋರ್ಟು ಆಯ್ಕೆ ರದ್ದಾಗಲು ಬಿಟ್ಟಿತು. 1972ರಲ್ಲಿ ರಾಜಗೋಪಾಲ್ ಮತ್ತೆ ನಿಂತು ಮತ್ತೆ ಗೆದ್ದರು. ಆರ್ಮುಗಂ ಮತ್ತೆ ಕೋರ್ಟಿಗೆ ಹೋದರು. ಈ ಸಲ ನ್ಯಾಯಮೂರ್ತಿ ಭಗವತಿ ಬರೆದ ತೀರ್ಪು ಬೇರೆಯಾಯಿತು. ಅವರು ಹಿಂದೂ ಧರ್ಮಕ್ಕೆ ವಾಪಸಾಗಿದ್ದಾರೆ, ಜಾತಿಯವರು ಅವರನ್ನು ತಮ್ಮವರೆಂದು ಒಪ್ಪಿಕೊಂಡಿದ್ದಾರೆ, ಹಾಗಾಗಿ ಆಯ್ಕೆ ಸರಿ. ದಕ್ಷಿಣ ಭಾರತದಲ್ಲಿ ಧರ್ಮ ಬದಲಾದರೂ ಜಾತಿ ಉಳಿಯೋದುಂಟು ಅನ್ನೋದನ್ನೂ ಆ ತೀರ್ಪು ಗುರುತಿಸಿತು.

ಇದರ ಅರ್ಥ ಯೋಚಿಸಿ. ಕ್ರೈಸ್ತನಾದಾಗ ಜಾತಿ ಸತ್ತುಹೋಯಿತು ಅನ್ನುತ್ತೆ ಕಾನೂನು. ವಾಪಸು ಬಂದಾಗ ಅದೇ ಜಾತಿ ಎದ್ದು ಕೂತು ಬಾ ಅನ್ನುತ್ತೆ. ಸತ್ತಿದ್ದು ಹೀಗೆ ಎದ್ದು ಬರೋದಾದರೆ ಮೊದಲು ನಿಜವಾಗಿ ಸತ್ತಿತ್ತಾ?

1985ರ ಸೂಸೈ ಪ್ರಕರಣ ಇನ್ನೂ ಮನಸ್ಸಿಗೆ ತಾಗುತ್ತೆ. ಮದ್ರಾಸಿನ ರಸ್ತೆ ಬದಿಯಲ್ಲಿ ಕೂತು ಚಪ್ಪಲಿ ಹೊಲಿಯುವವರು ಸೂಸೈ, ಆದಿ ದ್ರಾವಿಡ ಮೂಲದ ಕ್ರೈಸ್ತರು. ಸರ್ಕಾರ ರಸ್ತೆ ಬದಿಯ ಚಮ್ಮಾರರಿಗೆ ಪುಕ್ಕಟೆ ಪೆಟ್ಟ್ಟಿಗೆ ಅಂಗಡಿ ಕೊಡುವ ಯೋಜನೆ ತಂದಿತು. ಅದೇ ರಸ್ತೆ, ಅದೇ ಕಸುಬು. ಸೂಸೈಗೆ ಅಂಗಡಿ ಸಿಗಲಿಲ್ಲ, ಅವರು ಕ್ರೈಸ್ತರು. ಕೋರ್ಟು ಹೇಳಿದ್ದು: ಧರ್ಮ ಬದಲಾದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಅಂತ ತೋರಿಸಬೇಕು, ಅದಕ್ಕೆ ಸಾಕಷ್ಟು ಪುರಾವೆ ನಮ್ಮ ಮುಂದೆ ಇಲ್ಲ. ಪುರಾವೆ ಬೀದಿಯಲ್ಲೇ ಸೂಜಿ ಹಿಡಿದು ಕೂತಿತ್ತು ಅಂತ ನಮಗೆ ಅನ್ನಿಸಬಹುದು. ಆದರೆ ಕೋರ್ಟಿಗೆ ಬೇಕಿದ್ದದ್ದು ಅಧ್ಯಯನ, ಅಂಕಿಅಂಶ.

ಆ ಪುರಾವೆ ಕೊಡಬೇಕಿದ್ದವರು ಯಾರು? ಚರ್ಚೇ. ಇಲ್ಲಿ ಚರ್ಚನ್ನು ಬಿಡುವ ಹಾಗಿಲ್ಲ. ಪುರಾವೆ ಕೊಡಬೇಕು ಅಂದ್ರೆ "ನಮ್ಮೊಳಗೂ ಜಾತಿ ಇದೆ" ಅಂತ ಒಪ್ಪಬೇಕು. ಅದು ಬಹಳ ಕಾಲ ಗಂಟಲಲ್ಲಿ ಇಳಿಯಲಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನಲ್ಲಿ ಕ್ರೈಸ್ತರ ಸ್ಮಶಾನದೊಳಗೇ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆ ಇದೆ. ಸತ್ತ ಮೇಲೂ ಬೇಲಿ! ಬಾಯಿಬಿಟ್ಟು ಮಾತಾಡಿದವರು ಒಳಗಿನವರೇ. 1981ರಲ್ಲಿ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎಂಬ ಮರಾಠಿ ದಲಿತ ಕ್ರೈಸ್ತ ಚಿಂತಕ ಒಂದು ಭಾಷಣ ಮಾಡಿದರು. ಭಾರತದ ಕ್ರೈಸ್ತ ಚಿಂತನೆ ಇಷ್ಟು ದಿನ ಬ್ರಾಹ್ಮಣ ವೇದಾಂತದ ಜೊತೆ ಮಾತಾಡುವುದರಲ್ಲೇ ಕಳೆಯಿತು, ಚರ್ಚಿನಲ್ಲಿ ಬಹುಪಾಲು ಇರುವ ದಲಿತರ ನೋವನ್ನು ಮುಟ್ಟಲೇ ಇಲ್ಲ ಅನ್ನೋದು ಅದರ ತಿರುಳು. ದಲಿತ ದೇವತಾಶಾಸ್ತ್ರ ಅನ್ನೋ ಧಾರೆ ಅಲ್ಲಿಂದ ಬೆಳೆಯಿತು. ಕಂಟೋನ್ಮೆಂಟ್ ಕಡೆ ಓಡಾಡುವಾಗ ಆ ಗೇಟನ್ನು ಎಷ್ಟು ಸಲ ದಾಟಿರುತ್ತೀವಿ, ಒಳಗೆ ಏನಾಗಿತ್ತು ಅಂತ ಗೊತ್ತಿರೋದಿಲ್ಲ.

ನಂತರ ನಾಗಪುರದ ಪರಿಷತ್ತು ಮತ್ತು ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ಸೇರಿ ನವೆಂಬರಿನಲ್ಲಿ ದಲಿತ ವಿಮೋಚನಾ ಭಾನುವಾರ ಆಚರಿಸಲು ಶುರುಮಾಡಿದವು. ಆಗಸ್ಟ್ 10ನ್ನು ದಲಿತ ಕ್ರೈಸ್ತರು ಕರಾಳ ದಿನ ಅಂತ ಕಪ್ಪು ಬಾವುಟ ಹಿಡಿದು ಆಚರಿಸುತ್ತಾರೆ. 2016ರಲ್ಲಿ ಕ್ಯಾಥೊಲಿಕ್ ಬಿಷಪ್ಪರು ದಲಿತ ಸಬಲೀಕರಣದ ನೀತಿಯೊಂದನ್ನು ಹೊರಡಿಸಿ ಚರ್ಚಿನೊಳಗಿನ ಅಸ್ಪೃಶ್ಯತೆಯನ್ನು ಒಪ್ಪಿಕೊಂಡರು. ಭಾರತದ ದಲಿತರೊಬ್ಬರು ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ, ಹೈದರಾಬಾದಿನ ಪೂಲ ಆಂಟನಿ. ತಡ ಅಂದ್ರೆ ಬಹಳ ತಡ.

ಸರ್ಕಾರದ ಕಡೆಯೂ ಆಯೋಗಗಳು ಬಂದವು. ರಂಗನಾಥ ಮಿಶ್ರ ಆಯೋಗ 2007ರಲ್ಲಿ 3ನೇ ಪ್ಯಾರಾವನ್ನೇ ತೆಗೆಯಿರಿ ಅಂತ ಹೇಳಿತು, ಆಯೋಗದ ಸದಸ್ಯ ಕಾರ್ಯದರ್ಶಿ ಮಾತ್ರ ಭಿನ್ನಮತ ಬರೆದರು. ಸರ್ಕಾರ ಒಪ್ಪಲಿಲ್ಲ. 2022ರ ಅಕ್ಟೋಬರಿನಲ್ಲಿ ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಈಗಾಗಲೇ ಪಟ್ಟಿಯಲ್ಲಿರುವ ಜಾತಿಗಳ ಪಾಲಿಗೆ ಹೊಡೆತ ಬೀಳುತ್ತಾ ಅನ್ನೋದನ್ನೂ ಅದು ನೋಡಬೇಕು. ಆ ಪ್ರಶ್ನೆ ಹಗುರವಾದದ್ದಲ್ಲ. ನಾಗಪುರದ ಬೌದ್ಧ ಹುಡುಗನೋ ಕಲಬುರಗಿಯ ಮಾದಿಗ ಹುಡುಗಿಯೋ "ನಮ್ಮ ತಟ್ಟೆಗೆ ಇನ್ನೊಂದು ಕೈ ಯಾಕೆ, ಅವರಿಗೆ ಮಿಷನ್ ಶಾಲೆಗಳಿವೆಯಲ್ಲ?" ಅಂತ ಕೇಳಿದರೆ ಅದನ್ನು ದ್ವೇಷ ಅನ್ನಲಾಗದು. ತಟ್ಟೆಯ ಗಾತ್ರದ ಬಗ್ಗೆ ಮಾತಾಡದೆ ಕೈಗಳ ಸಂಖ್ಯೆಯ ಬಗ್ಗೆ ಮಾತ್ರ ಮಾತಾಡುವ ಸರ್ಕಾರಗಳಿಗೆ ಈ ಪ್ರಶ್ನೆ ಬಹಳ ಅನುಕೂಲ, ಅಷ್ಟೆ.

ಕರ್ನಾಟಕ ಇದರಲ್ಲಿ ನಡುದಾರಿ ಹಿಡಿದಿದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ನಮ್ಮಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ, ಉಳಿದ ಕ್ರೈಸ್ತರು 3ಬಿ. ಅಂದ್ರೆ ಕ್ರೈಸ್ತರಲ್ಲಿ ಎರಡು ಥರ ಇದ್ದಾರೆ ಅಂತ ರಾಜ್ಯ ಲಿಖಿತವಾಗಿ ಒಪ್ಪಿದೆ. ಹಾಸ್ಟೆಲು, ಕಾಲೇಜು ಸೀಟಿಗೆ ಇದು ಉಪಯೋಗ. ಆದರೆ ಕೇರಿಗೆ ನುಗ್ಗಿ ಹೊಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಇಲ್ಲ. ಹೊಡೆಯುವವನು ಮಾತ್ರ ದೀಕ್ಷಾಸ್ನಾನದ ಸರ್ಟಿಫಿಕೇಟ್ ನೋಡಿ ಹೊಡೆಯೋದಿಲ್ಲ. 2025ರ ಸಮೀಕ್ಷೆ ವೇಳೆ ಜಾತಿ ಹೆಸರಿನ ಮುಂದೆ "ಕ್ರಿಶ್ಚಿಯನ್" ಅಂತ ಸೇರಿಸಿದ ಹೆಸರುಗಳು ಪಟ್ಟಿಯಲ್ಲಿ ಇರಬೇಕಾ ಬೇಡವಾ ಅಂತ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ. ನಮ್ಮಲ್ಲಿ ಎಷ್ಟೋ ಜನ ಆಫೀಸಿನಲ್ಲಿ ಕೂತು ಇಂಥ ಡ್ರಾಪ್‌ಡೌನ್ ಪಟ್ಟಿಗಳನ್ನೇ ಬರೆಯುವವರು. ಒಂದು ಹೆಸರು ತೆಗೆದರೆ ಡೇಟಾ ಕ್ಲೀನ್ ಆಗುತ್ತೆ. ಆ ಹೆಸರಿನವರು ಯಾವ ಸಾಲಿನಲ್ಲಿ ನಿಲ್ಲಬೇಕು ಅನ್ನೋದು ತಹಸೀಲ್ದಾರ್ ಕಚೇರಿಯ ಕಿಟಕಿಯಲ್ಲಿ ಗೊತ್ತಾಗುತ್ತೆ.

ಮುಂದಿನ ಸಂಚಿಕೆಯಲ್ಲಿ ಕೆಜಿಎಫ್‌ನ ಕಾರ್ಮಿಕ ಲೈನುಗಳಿಗೆ ಹೋಗೋಣ, ಗಣಿ ಮುಚ್ಚಿದ 2001ರವರೆಗಿನ ಕಥೆ. ನಿಮ್ಮಲ್ಲಿ ಯಾರಾದರೂ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯವರಿದ್ದರೆ, ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ಆ ಎರಡು ಚುನಾವಣೆಗಳ ಮಾತು ನೆನಪಿದ್ದರೆ, ಬರೆದು ಕಳಿಸಿ.